ಸೇನೆ ಮಾರಿದ ಎಂಜಿನ್: ಅಸಲು ಯಾವುದು, ಬೆಲೆ ಎಷ್ಟು?

ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು ಕಳೆದ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ನಮ್ಮನ್ನು ದೆಹಲಿಯ ಮಾಯಾಪುರಿಗೆ ಕರೆದೊಯ್ದರು. ಚೆನ್ನೈಯವರಿಗೆ ಪುದುಪೇಟೆ, ಮುಂಬಯಿಯವರಿಗೆ ಕುರ್ಲಾ ಹೇಗೋ ದೆಹಲಿಯವರಿಗೆ ಮಾಯಾಪುರಿ ಹಾಗೆ. ಆಯುಷ್ಯ ತೀರಿದ ವಾಹನಗಳು ಬಿಡಿಭಾಗಗಳಾಗಿ ಮತ್ತೊಂದು ಜನ್ಮಕ್ಕೆ ಕಾದು ಕುಳಿತಿರುವ ಗುಜರಿ ಪೇಟೆ ಅದು. ಹಿರಿಯರು ಬ್ಯಾಂಕಿನ ಸೇವೆಯಿಂದ ನಿವೃತ್ತರಾದವರು. ಊರು ಸಕಲೇಶಪುರದ ಕಡೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರ ತಂದೆ ಸೇನೆಯ ಹರಾಜಿನಲ್ಲಿ ಕೊಂಡು ತಂದ ಜೀಪೊಂದು ಅವರ ಕಾಫಿ ತೋಟದಲ್ಲಿ ಇಂದಿಗೂ ಇದೆ. ಎಂಬತ್ತರ ದಶಕದಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ಅದರ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದರು. ಈಗ ತೋಟ ನೋಡಿಕೊಳ್ಳುತ್ತಿರುವ ಅಣ್ಣನಿಗೆ ಎಂಬತ್ತು ತುಂಬಲಿದೆ; ಅಷ್ಟರೊಳಗೆ ಜೀಪನ್ನು ಅಪ್ಪನ ಕಾಲದ ರೂಪಕ್ಕೆ ಮರಳಿಸಬೇಕೆಂಬುದು ತಮ್ಮನ ಹಂಬಲ.

ಅಂಗಡಿಯವನು ಎಣ್ಣೆಬಟ್ಟೆ ಸರಿಸಿ ತೋರಿಸಿದ್ದು ‘ಯುದ್ಧಕಾಲದ ಅಸಲು ವಿಲ್ಲಿಸ್ ಎಂಜಿನ್’. ಸೇನೆಯ ಡಿಪೋದಿಂದ ನೇರವಾಗಿ ಬಂದದ್ದು, ಬೇಕಿದ್ದರೆ ನಂಬರ್ ನೋಡಿಕೊಳ್ಳಿ ಎಂದ. ನಂಬರಿನ ಮುಂದೆ ‘ಎಂಬಿ’ ಎಂಬ ಎರಡಕ್ಷರ ಸ್ಪಷ್ಟವಾಗಿಯೇ ಇತ್ತು. ಕೇಳಿದ ಬೆಲೆ ನಮ್ಮ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಹಿರಿಯರು ನಮ್ಮತ್ತ ತಿರುಗಿ, “ಏನಂತೀರಿ, ತಗೊಳ್ಳೋಣವೇ?” ಎಂದರು.

ನಾವು ಮೆಕ್ಯಾನಿಕ್ ಅಲ್ಲ. ಓದಿದ್ದು ಇಂಗ್ಲಿಷ್ ಸಾಹಿತ್ಯ, ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಕಚೇರಿಯೊಂದರ ಕಡತಗಳು. ಕಚೇರಿಯ ಹಳೆಯ ಸಾಮಾನುಗಳನ್ನು ವಿಲೇವಾರಿ ಮಾಡುವ ಸಮಿತಿಯಲ್ಲಿ ಕೆಲವು ವರ್ಷ ಕುಳಿತ ಅನುಭವ, ಯುದ್ಧಕಾಲದ ವಾಹನಗಳ ಚರಿತ್ರೆಯನ್ನು ಹವ್ಯಾಸಕ್ಕಾಗಿ ಓದಿದ ಅಭ್ಯಾಸ, ಇವೆರಡೇ ನಮ್ಮ ಬಂಡವಾಳ. ಹಿರಿಯರ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಮಗೆ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಒಂದು ಎಂಜಿನ್ನನ್ನು ‘ಅಸಲು’ ಎನ್ನುವುದೆಂದರೇನು, ಆ ಮಾತಿಗೆ ಬೆಲೆ ಕಟ್ಟುವುದು ಹೇಗೆ ಎಂಬುದು ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಚರಿತ್ರೆಯ ಪ್ರಶ್ನೆ.

ಮೊದಲು ಆ ಎಂಜಿನ್ನಿನ ಕಥೆ. 1940ರ ಬೇಸಗೆಯಲ್ಲಿ ಅಮೆರಿಕದ ಸೇನೆಗೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಬಲ ಹಾಯುವ ಸಣ್ಣ ವಾಹನವೊಂದು ತುರ್ತಾಗಿ ಬೇಕಾಗಿತ್ತು. ಅದರ ಮೊದಲ ಮಾದರಿಯನ್ನು ಕಟ್ಟಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಅದು ಸೇನೆಯ ಪರೀಕ್ಷಾ ಕೇಂದ್ರ ಮುಟ್ಟಿದ್ದು 1940ರ ಸೆಪ್ಟೆಂಬರ್ 23ರಂದು. ಬೆನ್ನಲ್ಲೇ ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳೂ ತಂತಮ್ಮ ಮಾದರಿಗಳನ್ನು ತಂದವು. ಮೂರರಲ್ಲಿ ವಿಲ್ಲಿಸ್ ಗೆದ್ದದ್ದಕ್ಕೆ ಮುಖ್ಯ ಕಾರಣ ಅದರ ಎಂಜಿನ್. 1938ರಲ್ಲಿ ವಿಲ್ಲಿಸ್ ಸೇರಿದ ಎಂಜಿನಿಯರ್ ಡೆಲ್ಮಾರ್ ರೂಸ್, ಕಂಪನಿಯ ಹಳೆಯ ಕಾರುಗಳಲ್ಲಿದ್ದ 48 ಅಶ್ವಶಕ್ತಿಯ ಎಂಜಿನ್ನನ್ನು ತಿದ್ದಿ ತೀಡಿ 60 ಅಶ್ವಶಕ್ತಿಗೆ ಏರಿಸಿದ್ದರು. ನಾಲ್ಕು ಸಿಲಿಂಡರು, 134 ಘನ ಇಂಚು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2,200 ಸಿಸಿ. ಅಮೆರಿಕನ್ನರು ಅದಕ್ಕಿಟ್ಟ ಹೆಸರು ‘ಗೋ ಡೆವಿಲ್’.

ಒಂದೇ ಕಾರ್ಖಾನೆಯಿಂದ ಯುದ್ಧದ ಬೇಡಿಕೆ ತೀರುವಂತಿರಲಿಲ್ಲ. 1941ರ ಕೊನೆಯಲ್ಲಿ ಅದೇ ನಕ್ಷೆಯಂತೆ ಜೀಪು ತಯಾರಿಸುವ ಗುತ್ತಿಗೆಯನ್ನು ಫೋರ್ಡಿಗೂ ಕೊಡಲಾಯಿತು. ವಿಲ್ಲಿಸ್ ಜೀಪಿನ ಹೆಸರು ಎಂಬಿ, ಫೋರ್ಡಿನದು ಜಿಪಿಡಬ್ಲ್ಯು. ಇದರ ಕೊನೆಯ ‘ಡಬ್ಲ್ಯು’ ವಿಲ್ಲಿಸ್‌ನ ನಕ್ಷೆಯಿಂದ ಬಂದದ್ದು ಎಂಬುದರ ಸೂಚನೆ. ಯುದ್ಧ ಮುಗಿಯುವ ಹೊತ್ತಿಗೆ ಎರಡೂ ಸೇರಿ ಸುಮಾರು 6.4 ಲಕ್ಷ ಜೀಪುಗಳು ಹೊರಬಂದಿದ್ದವು. ಸೇನೆ ಹಾಕಿದ ಮುಖ್ಯ ಷರತ್ತು, ಒಂದರ ಭಾಗ ಇನ್ನೊಂದಕ್ಕೆ ತಿದ್ದುಪಡಿಯಿಲ್ಲದೆ ಹೊಂದಬೇಕು ಎಂಬುದು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತಿಸಿತು, ನಿಜ. ಆದರೆ ಆ ಬೋಲ್ಟು ವಿಲ್ಲಿಸ್ ಜೀಪಿಗೆ ಹಿಡಿಸದೆ ಹೋಗುವಂತಿರಲಿಲ್ಲ. ಈ ಷರತ್ತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಬರುವ ತೊಡಕೆಲ್ಲ ಹುಟ್ಟುವುದು ಇದರಿಂದಲೇ.

ಇನ್ನು ಈ ಜೀಪುಗಳು ಭಾರತಕ್ಕೆ ಬಂದ ಬಗೆ. ಬರ್ಮಾ ರಣರಂಗಕ್ಕೆ ಅಸ್ಸಾಮಿನ ಲೆಡೋದಿಂದ ಹೊರಟ ರಸ್ತೆ, ಬಂಗಾಳದ ವಿಮಾನ ನೆಲೆಗಳು, ದೇಶದ ಉದ್ದಗಲಕ್ಕೆ ಹರಡಿದ್ದ ಶಿಬಿರಗಳು ಸಹಸ್ರಾರು ವಾಹನಗಳನ್ನು ನುಂಗಿದ್ದವು. ಯುದ್ಧ ಮುಗಿದಾಗ ಅವನ್ನು ಹಡಗಿನಲ್ಲಿ ವಾಪಸು ಕೊಂಡೊಯ್ಯುವುದು ಅಮೆರಿಕಕ್ಕೆ ನಷ್ಟದ ಬಾಬು. 1946ರ ಒಪ್ಪಂದದಂತೆ ಉಳಿದ ಸಾಮಗ್ರಿ ಭಾರತ ಸರ್ಕಾರದ ಕೈಗೆ ಬಂತು. ‘ಡಿಸ್ಪೋಸಲ್’ ಎಂಬ ಮಾತು ನಮ್ಮ ಊರುಗಳಲ್ಲಿ ಮನೆಮಾತಾದದ್ದು ಆಗಲೇ. ಕಂಬಳಿ, ನೀರಿನ ಪೀಪಾಯಿ, ಲಾರಿ, ಜೀಪು ಎಲ್ಲವೂ ಹರಾಜಿಗೆ ಬಂದವು. ಬಂಗಾಳದ ಪಾನಾಗಢದಲ್ಲಿ ಅಮೆರಿಕನ್ನರ ದೊಡ್ಡ ನೆಲೆಯಿತ್ತು. ಇವತ್ತಿಗೂ ಅಲ್ಲಿ ಗ್ರ್ಯಾಂಡ್ ಟ್ರಂಕ್ ರಸ್ತೆಯ ಬದಿಯಲ್ಲಿ ಸೇನೆಯ ಹಳೆಯ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳ ಸಾಲಿದೆ. ಮಲೆನಾಡಿನ ಕೆಸರು ದಾರಿಗಳಿಗೆ ಜೀಪಿನಂಥ ವಾಹನ ಅದುವರೆಗೆ ಬಂದಿರಲಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದವರು ಜೀಪನ್ನು ಮೆಚ್ಚಿ ಇಟ್ಟುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟರಲ್ಲೇ ಚರಿತ್ರೆಯ ಎರಡನೆಯ ಧಾರೆ ಬಂದು ಸೇರುತ್ತದೆ. ಮುಂಬಯಿಯ ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲೇ ಜೋಡಿಸತೊಡಗಿತು, ಮುಂದೆ ಪರವಾನಗಿ ಪಡೆದು ತಯಾರಿಸಿತು. ಹೀಗೆ ಯುದ್ಧಕಾಲದ ಎಂಜಿನ್, ಯುದ್ಧಾನಂತರದ ನಾಗರಿಕ ಜೀಪಿನ ಎಂಜಿನ್, ಮಹೀಂದ್ರದ ಎಂಜಿನ್ ಎಲ್ಲವೂ ಒಂದೇ ವಂಶದವು. ಒಂದೇ ಬಜಾರಿನಲ್ಲಿ, ಒಂದೇ ಮಿಸ್ತ್ರಿಯ ಕೈಯಲ್ಲಿ ಬೆರೆತುಹೋದವು. ಅಣ್ಣತಮ್ಮಂದಿರ ಮುಖ ಹೋಲುವಂತೆ ಇವುಗಳೂ ಹೋಲುತ್ತವೆ. ಮೋಸಕ್ಕೂ ಪ್ರಾಮಾಣಿಕವಾದ ತಪ್ಪಿಗೂ ಎಡೆಯಾಗುವುದು ಈ ಹೋಲಿಕೆಯಿಂದ.

ಹಾಗಾದರೆ ಗುರುತಿಸುವುದು ಹೇಗೆ? ಹಸ್ತಪ್ರತಿ ಶೋಧಿಸುವವರು ಬಾಹ್ಯ ಪ್ರಮಾಣ, ಆಂತರಿಕ ಪ್ರಮಾಣ ಎಂದು ಎರಡನ್ನು ಹೇಳುತ್ತಾರಷ್ಟೆ. ಎಂಜಿನ್ನಿಗೂ ಅದೇ ಕ್ರಮ ಸಲ್ಲುತ್ತದೆ. ಮಾಯಾಪುರಿಯಲ್ಲಿ ನಾವು ಹಿಡಿದ ದಾರಿಯೂ ಅದೇ.

ಮೊದಲ ನೋಟಕ್ಕೆ ಸಿಗುವುದು ತಲೆ, ಎಂದರೆ ಎಂಜಿನ್ನಿನ ಹೆಡ್. ಯುದ್ಧಕಾಲದ ಗೋ ಡೆವಿಲ್‌ನಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನೊಳಗೇ, ಸಿಲಿಂಡರುಗಳ ಮಗ್ಗುಲಲ್ಲಿ ಇರುತ್ತವೆ. ಆದ್ದರಿಂದ ಹೆಡ್ ಚಪ್ಪಟೆಯಾದ ಒಂದು ಮುಚ್ಚಳವಷ್ಟೇ. ಐವತ್ತರ ದಶಕದಲ್ಲಿ ಬಂದ ‘ಹರಿಕೇನ್’ ಎಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವುಗಳು ಹೆಡ್ಡಿಗೇರಿದವು, ಎಂಜಿನ್ ಎತ್ತರವಾಯಿತು, ಅದನ್ನು ಹೊತ್ತ ಜೀಪಿನ ಬಾನೆಟ್ಟೂ ಎತ್ತರವಾಯಿತು. ಮಹೀಂದ್ರದ ಹಳೆಯ ಪೆಟ್ರೋಲ್ ಜೀಪುಗಳಲ್ಲಿ ನಾವೆಲ್ಲ ನೋಡಿರುವುದು ಈ ಎತ್ತರದ ಬಾನೆಟ್ಟನ್ನೇ. ಎರಡರ ಗಾತ್ರವೂ ಅದೇ 134 ಘನ ಇಂಚು. ಆರ್‌ಸಿ ಪುಸ್ತಕದಲ್ಲಿ 2,199 ಸಿಸಿ ಎಂದು ಬರೆದಿದ್ದರೆ ಯಾವ ಎಂಜಿನ್ ಎಂದು ತೀರ್ಮಾನವಾಗುವುದಿಲ್ಲ. ಹಾಳೆ ಹೇಳದ್ದನ್ನು ತಲೆ ಹೇಳುತ್ತದೆ. ಮಾಯಾಪುರಿಯ ಎಂಜಿನ್ನಿನ ತಲೆ ಚಪ್ಪಟೆಯಾಗಿಯೇ ಇತ್ತು. ಮೊದಲ ಪರೀಕ್ಷೆ ಪಾಸು.

ಎರಡನೆಯದು ಅಕ್ಷರಗಳು. ಬ್ಲಾಕಿನ ಮೇಲೆ ಎರಡು ಬಗೆಯ ಬರವಣಿಗೆ ಇರುತ್ತದೆ. ಒಂದು ಎರಕದ ಬರವಣಿಗೆ. ಕಬ್ಬಿಣ ಹೊಯ್ಯುವಾಗ ಅಚ್ಚಿನಲ್ಲೇ ಮೂಡಿ ಮೇಲೆದ್ದು ನಿಂತದ್ದು. ಇನ್ನೊಂದು ಒತ್ತಿದ ಬರವಣಿಗೆ. ಎಂಜಿನ್ ಸಿದ್ಧವಾದ ಮೇಲೆ ಉಕ್ಕಿನ ಪಂಚಿನಿಂದ ಕುಟ್ಟಿ ತಗ್ಗಿಸಿದ್ದು. ಎರಕದ್ದು ಶಿಲಾಶಾಸನವಿದ್ದಂತೆ, ಕದಲಿಸುವುದು ಕಷ್ಟ. ಒತ್ತಿದ್ದು ತಾಮ್ರಪಟದಂತೆ, ಸುತ್ತಿಗೆಯೂ ಪಂಚೂ ಇದ್ದರೆ ಯಾರಾದರೂ ಬರೆಯಬಲ್ಲರು. ಫೋರ್ಡಿನ ಬ್ಲಾಕಿನಲ್ಲಿ ಜಿಪಿಡಬ್ಲ್ಯು ಎಂಬ ಅಕ್ಷರಗಳೊಡನೆ ಭಾಗದ ಸಂಖ್ಯೆ 6015 ಎರಕದಲ್ಲೇ ಇರುತ್ತದೆ. ಒತ್ತಿದ ಎಂಜಿನ್ ನಂಬರು ಬ್ಲಾಕಿನ ಬಲಮಗ್ಗುಲ ಮುಂಭಾಗದಲ್ಲಿ, ಹೆಡ್ಡಿನ ಕೆಳಗೆ, ಸಮ ಮಾಡಿದ ಒಂದು ಸಣ್ಣ ಹಲಗೆಯ ಮೇಲೆ ಸಿಗುತ್ತದೆ. ಯುದ್ಧಕಾಲದ ವಿಲ್ಲಿಸ್ ಆದರೆ ‘ಎಂಬಿ’, ಫೋರ್ಡ್ ಆದರೆ ‘ಜಿಪಿಡಬ್ಲ್ಯು’, ಯುದ್ಧಾನಂತರದ ನಾಗರಿಕ ಜೀಪಾದರೆ ‘ಜೆ’, ಅದರ ಮುಂದಿನ ಪೀಳಿಗೆಗೆ ‘3ಜೆ’, ಕೊರಿಯಾ ಯುದ್ಧದ ಕಾಲದ ಸೇನಾ ಜೀಪಾದರೆ ‘ಎಂಸಿ’ ಎಂಬ ಅಕ್ಷರಗಳು ನಂಬರಿಗೆ ಮುಂಚೆ ಬರುತ್ತವೆ.

ನಂಬರು ಒತ್ತಿರುವ ಆ ಸಣ್ಣ ಹಲಗೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ಕಾರ್ಖಾನೆಯ ಅಂಕಿಗಳೂ ಎಲ್ಲೆಡೆ ಓರಣವಾಗಿರುವುದಿಲ್ಲ, ಹಾಗಾಗಿ ಸೊಟ್ಟಗಿವೆ ಎಂಬುದೊಂದೇ ದೋಷವಲ್ಲ. ನೋಡಬೇಕಾದದ್ದು ಅಂಕಿಯ ಸುತ್ತಲಿನ ನೆಲವನ್ನು. ಕಾರ್ಖಾನೆಯ ಯಂತ್ರ ಸಮ ಮಾಡಿದ ನೆಲದಲ್ಲಿ ಗೀರುಗಳು ಒಂದೇ ಹದವಾಗಿರುತ್ತವೆ. ಕೈಯಲ್ಲಿ ಹಿಡಿದ ಗ್ರೈಂಡರು ಬಿಲ್ಲಿನಂತೆ ಬಾಗಿದ ಗೀರು ಬಿಡುತ್ತದೆ, ನೆಲ ಅಲ್ಲಲ್ಲಿ ತಗ್ಗಾಗುತ್ತದೆ. ಎಂಬತ್ತು ವರ್ಷದ ಅಂಕಿಯ ತಗ್ಗಿನಲ್ಲಿ ಸುತ್ತಲಿನ ಕಬ್ಬಿಣದಷ್ಟೇ ಹಳೆಯ ತುಕ್ಕು, ಹಳೆಯ ಬಣ್ಣ ಇರಬೇಕು. ನಾವು ನೋಡಿದ ಎಂಜಿನ್ನಿನಲ್ಲಿ ಬ್ಲಾಕೆಲ್ಲ ಕಂದುಗಟ್ಟಿತ್ತು, ಅಂಕಿಗಳ ತಳ ಮಾತ್ರ ಹೊಳೆಯುತ್ತಿತ್ತು. ‘ಎಂ’ ಅಕ್ಷರದ ಎಡಕ್ಕೆ ಪೂರ್ತಿ ಅಳಿಯದೆ ಉಳಿದ ಇನ್ನೊಂದು ಅಕ್ಷರದ ಬಾಲವೂ ಮಸುಕಾಗಿ ಕಾಣುತ್ತಿತ್ತು.

ಇಷ್ಟಕ್ಕೇ ತೀರ್ಪು ಕೊಡುವುದು ತರವಲ್ಲ. ಮೂರನೆಯ ಪರೀಕ್ಷೆ ಒಡಲೊಳಗಿನದು. ಯುದ್ಧಕಾಲದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು ಕ್ಯಾಮ್ ಶಾಫ್ಟನ್ನು ತಿರುಗಿಸುವುದು ಸರಪಳಿಯ ಮೂಲಕ. ಯುದ್ಧ ಮುಗಿದ ಸ್ವಲ್ಪ ಕಾಲದಲ್ಲೇ ವಿಲ್ಲಿಸ್ ಸರಪಳಿ ತೆಗೆದು ಹಲ್ಲುಚಕ್ರಗಳನ್ನು ನೇರವಾಗಿ ಕೂಡಿಸಿತು. ಸರಪಳಿಯಿದ್ದರೆ ಎರಡು ಶಾಫ್ಟುಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ, ಹಲ್ಲುಚಕ್ರವಿದ್ದರೆ ಎದುರುಬದರು. ಅದಕ್ಕೆ ತಕ್ಕಂತೆ ಒಳಗಿನ ಬೇರೆ ಭಾಗಗಳೂ ಬದಲಾಗಬೇಕು. ನಮ್ಮೊಡನೆ ಬಂದಿದ್ದ ಮಿಸ್ತ್ರಿ ಅಂಗಡಿಯವನನ್ನು ಒಪ್ಪಿಸಿ ಮುಂದಿನ ಮುಚ್ಚಳ ಬಿಚ್ಚಿದ. ಒಳಗಿದ್ದದ್ದು ಹಲ್ಲುಚಕ್ರ. ಹಲ್ಲುಚಕ್ರವೊಂದೇ ಅಂತಿಮ ಸಾಕ್ಷ್ಯವಲ್ಲ. ಯಾರೋ ಹಿಂದೆಂದೋ ಒಳಗನ್ನೆಲ್ಲ ಬದಲಿಸಿದ್ದಾರು. ಆದರೆ ಹೊಳೆಯುವ ಅಂಕಿ, ಉಜ್ಜಿದ ನೆಲ, ಅಳಿದ ಅಕ್ಷರದ ಬಾಲ, ಹಲ್ಲುಚಕ್ರ ಈ ನಾಲ್ಕೂ ಒಂದೇ ಕಡೆ ಬೆರಳು ತೋರಿಸುವಾಗ ಸಂದೇಹಕ್ಕೆ ಎಡೆಯಿಲ್ಲ. ಅದು ಯುದ್ಧಾನಂತರದ ಜೀಪಿನ ಎಂಜಿನ್. ಅದಕ್ಕೆ ಯಾರೋ ಯುದ್ಧದ ಹೆಸರಿಟ್ಟಿದ್ದರು.

ಕಾರ್ಬ್ಯುರೇಟರು, ಡೈನಮೊ, ಸ್ಟಾರ್ಟರು ಮೊದಲಾದವುಗಳ ಮಾತು ಬೇರೆ. ಯುದ್ಧಕಾಲದ ಜೀಪಿನಲ್ಲಿ ಕಾರ್ಟರ್ ಕಂಪನಿಯ ಕಾರ್ಬ್ಯುರೇಟರು, 6 ವೋಲ್ಟಿನ ವಿದ್ಯುತ್ ವ್ಯವಸ್ಥೆ ಇದ್ದವು. ಮುಂದಿನ ಸೇನಾ ಜೀಪಿನಲ್ಲಿ ಅದು 24 ವೋಲ್ಟಾಯಿತು. ಆದರೆ ಅವೆಲ್ಲ ಬೋಲ್ಟು ಬಿಚ್ಚಿ ಹಾಕಬಹುದಾದ ಒಡವೆಗಳು. ಒಡವೆ ನೋಡಿ ಕುಲ ಹೇಳಲಾಗದು. ಅಂಗಡಿಯವರು ಮಾತ್ರ ಮೊದಲು ತೋರಿಸುವುದು ಅವನ್ನೇ.

ಕರ್ಣಾಟಕದ ಚರಿತ್ರೆ ಓದಿದವರಿಗೆ ಇಲ್ಲಿ ಹಳೆಯ ವಾದವೊಂದು ನೆನಪಾಗದಿರದು. ಪಶ್ಚಿಮ ಗಂಗರ ತಾಮ್ರಪಟಗಳನ್ನು ಬಿ. ಎಲ್. ರೈಸ್ ಪ್ರಕಟಿಸಿ ಅವುಗಳ ಮೇಲೆ ಗಂಗರ ಚರಿತ್ರೆ ಕಟ್ಟಿದಾಗ, ಜೆ. ಎಫ್. ಫ್ಲೀಟ್ ಅವುಗಳಲ್ಲಿ ಬಹಳಷ್ಟನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು. ಲಿಪಿ ಹೇಳಿದ ಕಾಲದ್ದಲ್ಲ, ತಿಥಿವಾರ ಕೂಡುವುದಿಲ್ಲ, ವಂಶಾವಳಿ ಹೊಂದುವುದಿಲ್ಲ ಎಂಬಂಥ ಆಕ್ಷೇಪಗಳು ಅವು. ಮುಂದಿನ ವಿದ್ವಾಂಸರು ಒಂದೊಂದನ್ನೂ ಬೇರೆಬೇರೆಯಾಗಿ ತೂಗಿ ಕೆಲವನ್ನು ಉಳಿಸಿಕೊಂಡರು, ಕೆಲವನ್ನು ಬಿಟ್ಟರು. ಆ ವಾದದಿಂದ ನಾವು ಕಲಿಯಬೇಕಾದದ್ದು ಎರಡು. ಒಂದೇ ಲಕ್ಷಣ ಹಿಡಿದು ತೀರ್ಪು ಕೊಡಬಾರದು. ಮತ್ತು ಕೂಟಶಾಸನವೂ ಒಂದು ದಾಖಲೆಯೇ. ಅದು ತಾನು ಹೇಳಿಕೊಳ್ಳುವ ಕಾಲಕ್ಕಲ್ಲ, ತನ್ನನ್ನು ಸೃಷ್ಟಿಸಿದ ಕಾಲದ ಆಸೆಗೆ ಸಾಕ್ಷಿ. ಮಾಯಾಪುರಿಯ ಹುಸಿ ನಂಬರು 1942ರ ಬಗ್ಗೆ ಏನನ್ನೂ ಹೇಳುವುದಿಲ್ಲ, ನಮ್ಮ ಕಾಲಕ್ಕೆ ಏನು ಬೇಕಾಗಿದೆ ಎಂಬುದನ್ನು ಹೇಳುತ್ತದೆ.

ಬೇಕಾಗಿರುವುದು ‘ಹೊಂದುವ ನಂಬರು’. ಚಾಸಿಯೂ ಎಂಜಿನ್ನೂ ಕಾರ್ಖಾನೆಯಿಂದ ಒಟ್ಟಿಗೆ ಹೊರಬಿದ್ದ ಜೋಡಿಯಾಗಿದ್ದರೆ ಸಂಗ್ರಾಹಕರಲ್ಲಿ ಅದಕ್ಕೆ ಎಲ್ಲಿಲ್ಲದ ಬೆಲೆ. ನಮ್ಮ ದೇಶದಲ್ಲಿ ಕಾನೂನೂ ಆ ಬಯಕೆಗೆ ಒತ್ತು ಕೊಟ್ಟಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಕಾರು ಮತ್ತು ದ್ವಿಚಕ್ರಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ, ನಂಬರು ಫಲಕದಲ್ಲಿ ‘ವಿಎ’ ಅಕ್ಷರಗಳು ಜಾರಿಯಾದವು. ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬುದು ಷರತ್ತು. ಷರತ್ತಿನ ಉದ್ದೇಶ ಒಳ್ಳೆಯದೇ. ಆದರೆ ಪರೀಕ್ಷೆ ಕಠಿಣವಾದಂತೆ ನಕಲು ಮಾಡುವವರ ಕಸುಬೂ ಬೆಳೆಯುತ್ತದೆ.

ಆದರೆ ಈ ‘ಹೊಂದುವ ನಂಬರು’ ಎಂಬ ಕಲ್ಪನೆಯನ್ನು ಯುದ್ಧಕಾಲದ ಜೀಪಿನ ಮೇಲೆ ಹೇರುವುದು ಎಷ್ಟರಮಟ್ಟಿಗೆ ಸರಿ? ವಿಲ್ಲಿಸ್ ಕಾರ್ಖಾನೆಯಲ್ಲೇ ಚಾಸಿಗೆ ಒಂದು ಸಂಖ್ಯೆ, ಎಂಜಿನ್ನಿಗೆ ಇನ್ನೊಂದು. ಎರಡು ಸರಣಿಗಳೂ ಬೇರೆ ಬೇರೆ. ಹೊಚ್ಚ ಹೊಸ ಎಂಬಿ ಜೀಪಿನಲ್ಲೂ ಅವು ಹೊಂದುತ್ತಿರಲಿಲ್ಲ. ಫೋರ್ಡಿನಲ್ಲಿ ಎರಡೂ ಒಂದೇ ಸಂಖ್ಯೆಯಾಗಿ ಹೊರಟವು, ನಿಜ. ಆದರೆ ಹೊರಟ ಮೇಲೆ? ಸೇನೆಯ ದುರಸ್ತಿಯ ಕ್ರಮದಲ್ಲಿ ಕೆಟ್ಟ ಎಂಜಿನ್ನನ್ನು ಅಲ್ಲೇ ಕುಳಿತು ರಿಪೇರಿ ಮಾಡುವುದು ಕಾಲಹರಣ. ಕೆಟ್ಟದ್ದನ್ನು ಇಳಿಸು, ಸಿದ್ಧವಿರುವ ಇನ್ನೊಂದನ್ನು ಏರಿಸು, ಜೀಪನ್ನು ಕಳಿಸು. ಇಳಿಸಿದ್ದು ಹಿಂದಿನ ದೊಡ್ಡ ಕಾರ್ಯಾಗಾರಕ್ಕೆ ಹೋಗಿ, ಓವರ್‌ಹಾಲ್ ಆಗಿ, ಇನ್ನಾವುದೋ ಜೀಪಿಗೆ ಸೇರಲಿ. ಭಾಗಗಳೆಲ್ಲ ಹೊಂದಬೇಕೆಂದು ಸೇನೆ ಷರತ್ತು ಹಾಕಿದ್ದೇ ಇದಕ್ಕಾಗಿ. ಭಾರತದಲ್ಲಿ ಈ ಕೆಲಸಕ್ಕೆಂದೇ 1943ರಲ್ಲಿ ಸೇನೆಯ ಎಲೆಕ್ಟ್ರಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರುಗಳ ದಳ ಪ್ರತ್ಯೇಕವಾಗಿ ರೂಪುಗೊಂಡಿತು. ದೆಹಲಿಯ 505, ಪುಣೆ ಖಡಕಿಯ 512, ಬೆಂಗಳೂರಿನ 515 ಎಂಬ ಬೇಸ್ ವರ್ಕ್‌ಶಾಪುಗಳ ಹೆಸರು ಆ ಊರುಗಳಲ್ಲಿರುವ ಕನ್ನಡಿಗರಿಗೆ ಪರಿಚಿತವೇ.

ಜೀಪೇನು, ಟ್ಯಾಂಕಿನ ಎಂಜಿನ್ನಿನಲ್ಲೂ ಇದೇ ಕಥೆ. ಸ್ಪಿಟ್‌ಫೈರ್ ವಿಮಾನ ಹಾರಿಸಿದ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನಿನಿಂದ ಬ್ರಿಟಿಷರು ಟ್ಯಾಂಕಿಗಾಗಿ ಮೀಟಿಯರ್ ಎಂಬ ಎಂಜಿನ್ ರೂಪಿಸಿದರು. 1965ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಸೆಂಚುರಿಯನ್ ಟ್ಯಾಂಕುಗಳ ಒಡಲಲ್ಲಿದ್ದದ್ದು ಆ ಮೀಟಿಯರ್. ವಿಮಾನಕ್ಕೆ ಒಗ್ಗದೆ ತೆಗೆದಿರಿಸಿದ ಮರ್ಲಿನ್ ಭಾಗಗಳನ್ನೇ ಮೊದಮೊದಲು ಎಷ್ಟೋ ಮೀಟಿಯರುಗಳಿಗೆ ಬಳಸಿಕೊಂಡಿದ್ದರು. ಹುಟ್ಟುವಾಗಲೇ ಹಳೆಯ ಭಾಗ ಹೊತ್ತು ಹುಟ್ಟಿದ ಎಂಜಿನ್ನಿನಲ್ಲಿ ಮೂಲ ಯಾವುದೆಂದು ಹೇಳೋಣ?

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಸೇನಾ ಎಂಜಿನ್ನಿನ ಅಸಲಿತನ ಅದರ ಹುಟ್ಟಿನಲ್ಲಿಲ್ಲ, ಅದು ನಡೆದು ಬಂದ ದಾರಿಯಲ್ಲಿದೆ. ಬದಲಾದ ಎಂಜಿನ್ ಸುಳ್ಳಲ್ಲ, ಬದಲಾದ ನಂಬರು ಸುಳ್ಳು. ಸೇನೆಯ ಕಾರ್ಯಾಗಾರ ಓವರ್‌ಹಾಲ್ ಮಾಡಿ ಬಡಿದ ತಗಡಿನ ಫಲಕ, ಒಂದರ ಮೇಲೊಂದು ಕುಳಿತ ಬಣ್ಣದ ಪದರಗಳು, ಸಿಲಿಂಡರನ್ನು ಎಷ್ಟು ಕೊರೆದು ಹಿಗ್ಗಿಸಿದೆಯೆಂದು ಪಿಸ್ಟನ್ನಿನ ತಲೆಯ ಮೇಲೆ ಒತ್ತಿದ ಅಳತೆ, ಬಿರುಕಿಗೆ ಹಾಕಿದ ಹೊಲಿಗೆ ಇವೆಲ್ಲ ಆ ದಾರಿಯ ಹೆಜ್ಜೆಗಳು. ‘ಹೊಸದರಂತೆ’ ಮಾಡುವ ಭರದಲ್ಲಿ ಮರಳು ಊದಿ ಎಲ್ಲವನ್ನೂ ತೊಳೆದುಬಿಟ್ಟರೆ ಎಂಜಿನ್ ಚೆಂದವಾಗುತ್ತದೆ, ಚರಿತ್ರೆ ಹೋಗುತ್ತದೆ.

ಬೆಲೆಯ ವಿಚಾರಕ್ಕೆ ಬರೋಣ. ಸರ್ಕಾರಿ ನೌಕರರಾದ ನಮಗೆ ಬೆಲೆಗಳು ಹಲವೆಂಬುದು ಅಭ್ಯಾಸವಾಗಿರುವ ಸಂಗತಿ. 2017ರ ಸಾಮಾನ್ಯ ಹಣಕಾಸು ನಿಯಮಗಳು ವಸ್ತುವೊಂದನ್ನು ಹೆಚ್ಚುವರಿ, ಬಳಕೆ ತಪ್ಪಿದ್ದು, ನಿರುಪಯುಕ್ತ ಎಂದು ಮೂರು ಬಗೆಯಾಗಿ ನೋಡುತ್ತವೆ. ಮಾರುವ ಮುನ್ನ ಪುಸ್ತಕದ ಬೆಲೆ, ಮಾರ್ಗದರ್ಶಿ ಬೆಲೆ, ಅದಕ್ಕಿಂತ ಕಡಿಮೆಗೆ ಬಿಡಬಾರದೆಂಬ ಕನಿಷ್ಠ ಬೆಲೆ ಎಂದು ಮೂರನ್ನು ಲೆಕ್ಕ ಹಾಕಲು ಹೇಳುತ್ತವೆ. ದುರಸ್ತಿಯ ಖರ್ಚು ಮೌಲ್ಯವನ್ನು ಮೀರಿದಾಗ ಸೇನೆ ವಾಹನಕ್ಕೆ ‘ಬಿಇಆರ್’ ಎಂಬ ಮುದ್ರೆ ಒತ್ತುತ್ತದೆ. ಕಡತ ಮುಚ್ಚುತ್ತದೆ, ವಸ್ತು ಹರಾಜಿಗೆ ಹೋಗುತ್ತದೆ. ಈ ಯಾವ ಲೆಕ್ಕದಲ್ಲೂ ಚರಿತ್ರೆಗೆ ಕಲಮು ಇಲ್ಲ. 1972ರ ಪುರಾವಸ್ತು ಕಾಯಿದೆಯಲ್ಲಿ ಹಸ್ತಪ್ರತಿಗೆ 75 ವರ್ಷವಾದರೆ ಸಾಕು, ಉಳಿದ ವಸ್ತುಗಳಿಗೆ 100 ವರ್ಷ ತುಂಬಬೇಕು. 1942ರ ಎಂಜಿನ್ ಆ ರಕ್ಷಣೆಯ ಬಾಗಿಲು ತಟ್ಟಲು 2042ರವರೆಗೆ ಬದುಕಿರಬೇಕು.

ಕೊಳ್ಳುವವರು ತಾವೇ ಲೆಕ್ಕ ಹಾಕಬೇಕಾದದ್ದರಿಂದ, ನಾವು ಕಂಡುಕೊಂಡ ಕ್ರಮ ಇದು. ಮೊದಲು ಎಂಜಿನ್ ನಂಬರನ್ನು ಪೂರ್ತಿ ಮರೆತು ಕಬ್ಬಿಣವನ್ನು ನೋಡಬೇಕು. ಈ ಬಗೆಯ ಎಂಜಿನ್ನಿನಲ್ಲಿ ವಾಲ್ವಿನ ಕುಳಿಗೂ ಸಿಲಿಂಡರಿಗೂ ನಡುವಿನ ಗೋಡೆ ಬಿರುಕು ಬಿಡುವುದು ಸಾಮಾನ್ಯ. ಹೆಡ್ ತೆಗೆಯದೆ ಅದು ಕಾಣದು. ಸಿಲಿಂಡರಿನ ಮೂಲ ವ್ಯಾಸ 79.4 ಮಿಲಿಮೀಟರ್. ಅದನ್ನು ಈಗಾಗಲೇ ಎಷ್ಟು ಕೊರೆದಿದ್ದಾರೆ, ಇನ್ನೆಷ್ಟು ಕೊರೆಯಲು ಕಬ್ಬಿಣ ಉಳಿದಿದೆ ಎಂಬುದೇ ಎಂಜಿನ್ನಿನ ಉಳಿದ ಆಯುಷ್ಯ. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ‘ಪೆಟ್ಟಿಗೆಯಿಂದ ತೆಗೆದದ್ದು’ ಎಂದು ಮಾರಿದರೂ ಒಳಗೆ ತುಕ್ಕು ಹಿಡಿದು ರಿಂಗುಗಳು ಅಂಟಿಕೊಂಡಿರಬಹುದು. ಕೈಯಿಂದ ಸುತ್ತು ಹೊಡೆಸಿ ನೋಡದೆ ಒಪ್ಪಬಾರದು. ಇಷ್ಟರಿಂದ ಸಿಗುವುದು ಯಂತ್ರದ ಬೆಲೆ. ಅದರ ಮೇಲೆ, ಎರಕದ ಗುರುತು ಮತ್ತು ಒತ್ತಿದ ನಂಬರು ಒಂದೇ ಮಾತು ಹೇಳಿದರೆ ಕಾಲದ ಬೆಲೆ. ಅದಕ್ಕೂ ಮೇಲೆ, ಹರಾಜಿನ ರಸೀದಿ, ಹಳೆಯ ನೋಂದಣಿ ಪುಸ್ತಕ, ಕಾರ್ಯಾಗಾರದ ಫಲಕ ಇದ್ದರೆ ದಾರಿಯ ಬೆಲೆ. ಮೂರನ್ನೂ ಕೂಡಿಸಿ ಒಂದೇ ಮಾತಿನಲ್ಲಿ ‘ಅಸಲು’ ಎಂದು ಮಾರುವವನಿಗೆ ಮೂರನ್ನೂ ಬಿಡಿಸಿ ಕೇಳಬೇಕು. ಮತ್ತು ನಂಬರು ತಿದ್ದಿದ್ದೆಂದು ಗೊತ್ತಾದೊಡನೆ ಬೆಲೆ ಇಳಿಸಿ ಕೊಳ್ಳೋಣವೆಂಬ ಜಾಣತನ ಬೇಡ. ಆರ್‌ಸಿಯಲ್ಲಿ ಎಂಜಿನ್ ನಂಬರು ದಾಖಲಾಗಬೇಕು. ತಿದ್ದಿದ ನಂಬರಿನ ವಾಹನ ಪೊಲೀಸರ ಕಣ್ಣಿಗೆ ಕಳವಿನ ಮಾಲು.

ಹಿರಿಯರು ಅಂದು ಬರಿಗೈಯಲ್ಲಿ ಹಿಂದಿರುಗಿದರು. ಮೆಟ್ರೊದಲ್ಲಿ ಮಾತಿಲ್ಲ. ರಾತ್ರಿ ಅಣ್ಣನಿಗೆ ಫೋನು ಮಾಡಿ ಎಂಜಿನ್ ಸಿಗಲಿಲ್ಲವೆಂದರಂತೆ. ಅಣ್ಣ ನಕ್ಕು, “ಬೇರೆ ಯಾಕೋ? ಅಪ್ಪನ ಎಂಜಿನ್ನೇ ಪಲ್ಪರ್ ಮನೆ ಹಿಂದೆ ಬಿದ್ದಿದೆ ಕಣೋ. ಇಳಿಸಿದ ಮೇಲೆ ಆರೇಳು ವರ್ಷ ಕೆರೆಯಿಂದ ನೀರೆತ್ತೋಕೆ ಹಾಕಿದ್ದೆ, ಮರೆತೆಯಾ?” ಎಂದರಂತೆ. ತಮ್ಮ ಅಷ್ಟು ಹೊತ್ತಿಗೆ ಬ್ಯಾಂಕಿನ ನೌಕರಿ ಹಿಡಿದು ಊರು ಬಿಟ್ಟಿದ್ದರು. ಮರೆಯಲು ಅವರಿಗೆ ಗೊತ್ತೇ ಇರಲಿಲ್ಲ.

ಒಂದು ವಾರದಲ್ಲಿ ಚಿತ್ರಗಳು ಬಂದವು. ಬ್ಲಾಕಿನ ಮೇಲೆ ಪಾಚಿಯಂಥ ಹಸಿರು, ಒಂದು ಮೂಲೆಯಲ್ಲಿ ಕಣಜದ ಗೂಡು. ತೊಳೆದ ಮೇಲೆ ಎದ್ದು ಕಂಡ ಅಕ್ಷರಗಳು ಜಿಪಿಡಬ್ಲ್ಯು. ಎರಕದಲ್ಲೂ ಅದೇ, ನಂಬರಿನಲ್ಲೂ ಅದೇ. ಜೀಪಿನ ಚಾಸಿಯಾದರೋ ವಿಲ್ಲಿಸ್‌ನದು. ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ದುಂಡನೆಯ ಕೊಳವೆಯಾಗಿತ್ತು, ಫೋರ್ಡ್ ಆಗಿದ್ದರೆ ಅದು ಬೋರಲು ಹಾಕಿದ ಚೌಕ ದೋಣಿಯಂತಿರುತ್ತಿತ್ತು. ಎಡಪಟ್ಟಿಯ ಒಳಬದಿಗೆ ರಿವೆಟ್ ಮಾಡಿದ ಎಂಬಿ ಫಲಕವೂ ಇತ್ತು. ಹಿರಿಯರ ದನಿ ಕುಗ್ಗಿತು. “ಹಾಗಾದರೆ ನಮ್ಮದೂ ಬೆರಕೆಯೇ?” ಎಂದರು.

ಅಪ್ಪನ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳೇನಾದರೂ ಇವೆಯೇ ನೋಡಿಸಿ ಎಂದೆವು. ಮೈಸೂರು ಸಂಸ್ಥಾನದ ಕಾಲದ ನೋಂದಣಿ ಪುಸ್ತಕವೊಂದು ಸಿಕ್ಕಿತು, ಅಂಚು ಗೆದ್ದಲು ತಿಂದದ್ದು. ಚಾಸಿಯ ಕಲಮಿನಲ್ಲಿ ಎಂಬಿ ಸಂಖ್ಯೆ, ಎಂಜಿನ್ನಿನ ಕಲಮಿನಲ್ಲಿ ಜಿಪಿಡಬ್ಲ್ಯು ಸಂಖ್ಯೆ; ಎರಡೂ ಕಬ್ಬಿಣದ ಮೇಲಿರುವವೇ, ಅಂಕಿ ಬಿಡದಂತೆ. ಅಂದರೆ ಜೀಪು ಅವರ ತಂದೆಯ ಹೆಸರಿಗೆ ಬರುವ ಮೊದಲೇ ಆ ವಿಲ್ಲಿಸ್ ಒಡಲಿಗೆ ಫೋರ್ಡಿನ ಎಂಜಿನ್ ಬಂದು ಕೂತಿತ್ತು. ಯಾವುದೋ ಶಿಬಿರದಲ್ಲಿ ಯಾರೋ ಸಿಪಾಯಿಗಳು ಕೆಟ್ಟದ್ದನ್ನು ಇಳಿಸಿ ಒಳ್ಳೆಯದನ್ನು ಏರಿಸಿರಬೇಕು. ಸಂಗ್ರಾಹಕರ ಕಣ್ಣಿಗೆ ಹೊಂದದ ಈ ಜೋಡಿಯೇ ಆ ಜೀಪಿನ ನಿಜವಾದ ಚರಿತ್ರೆ. ಮಾಯಾಪುರಿಯ ‘ಎಂಬಿ’ ಎಂಜಿನ್ ಕೂರಿಸಿದ್ದರೆ ನೋಡುವವರ ಕಣ್ಣಿಗೆ ಎಲ್ಲವೂ ಹೊಂದುತ್ತಿತ್ತು, ಆ ಪುಸ್ತಕ ಮಾತ್ರ ಸುಳ್ಳಾಗುತ್ತಿತ್ತು.

ಹಾಸನದ ಗ್ಯಾರೇಜೊಂದರಲ್ಲಿ ಈಗ ಎಂಜಿನ್ ಬಿಚ್ಚಿದ್ದಾರೆ. ಮೂರನೆಯ ಸಿಲಿಂಡರಿನ ಬಳಿ ಬಿರುಕು ಕಂಡಿದೆ, ಹೊಲಿಗೆ ಹಾಕಬಹುದೆಂದು ಅಲ್ಲಿನ ಮೆಕ್ಯಾನಿಕ್ ಹೇಳುತ್ತಾನೆ. ನಂಬರಿರುವ ಜಾಗಕ್ಕೆ ಬ್ರಷ್ಷು, ಮರಳು ಏನೂ ತಾಗಬಾರದೆಂದು ಅಣ್ಣ ಅಲ್ಲಿಗೆ ಗ್ರೀಸು ಬಳಿದು ಬಟ್ಟೆ ಸುತ್ತಿಸಿದ್ದಾರೆ. ವಿಂಟೇಜ್ ನೋಂದಣಿಗೆ ಎರಡು ಸಂಖ್ಯೆಗಳನ್ನೂ ಇದ್ದಂತೆಯೇ ಬರೆದು, ಹಳೆಯ ಪುಸ್ತಕದ ಪ್ರತಿ ಲಗತ್ತಿಸಿ ಅರ್ಜಿ ಹಾಕುವುದೆಂದು ಅಣ್ಣತಮ್ಮಂದಿರು ನಿಶ್ಚಯಿಸಿದ್ದಾರೆ. ರಾಜ್ಯದ ಸಮಿತಿ ಒಪ್ಪೀತೋ ಇಲ್ಲವೋ ಕಾದು ನೋಡಬೇಕು. “ಒಪ್ಪದಿದ್ದರೆ ತೋಟದೊಳಗೇ ಓಡಿಸ್ತೀವಿ ಬಿಡಿ. ಅಪ್ಪ ಓಡಿಸಿದ್ದೂ ಅಲ್ಲೇ ತಾನೆ?” ಎಂದು ಹಿರಿಯರು ಕಳೆದ ತಿಂಗಳ ಕೂಟದಲ್ಲಿ ಹೇಳಿದರು. ಅರ್ಜಿಯ ಕರಡನ್ನು ನಾವೇ ಬರೆದುಕೊಟ್ಟಿದ್ದೇವೆ.